ಗುಡ್ಡ ಮುಟ್ಟೋಕೆ ಮುಂಚೆನೇ ಗಾಳಿ ಸಪ್ಪೆ ಆಗ್ತಿದ್ರೆ: ಎಲ್‌ಇಎಸ್ ಇನ್‌ಲೆಟ್ ದೋಷ ಹುಡುಕೋ ಕೈಪಿಡಿ

ದಾವಣಗೆರೆ ಕಡೆ ಎಂಜಿನಿಯರಿಂಗ್ ಓದೋರಿಗೆ ಸಿಎಫ್‌ಡಿ (ಗಾಳಿ, ನೀರಿನ ಹರಿವನ್ನ ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕೋದು) ಪ್ರಾಜೆಕ್ಟ್ ಟಾಪಿಕ್ ಹುಡುಕೋಕೆ ದೂರ ಹೋಗ್ಬೇಕಿಲ್ಲ. ಹೈವೇ 48 ಹಿಡಿದು ಚಿತ್ರದುರ್ಗದ ಕಡೆ ಬಂದ್ರೆ ಗುಡ್ಡದ ಸಾಲಿನ ಮೇಲೆ ವಿಂಡ್‌ಮಿಲ್‌ಗಳು ಕಾಣ್ತವೆ, ಆಷಾಢದ ಗಾಳಿ ಹೊಡೀತಿದ್ರೆ ಜೋಗಿಮಟ್ಟಿ ಮೇಲೆ ನೆಟ್ಟಗೆ ನಿಲ್ಲೋಕೂ ಕಷ್ಟ. ಹಂಗಾಗಿ ಸುಮಾರು ಜನ ಅದೇ ಗುಡ್ಡದ ಹೈಟ್ ಡೇಟಾ ಇಳಿಸ್ಕೊಂಡು, ಓಪನ್‌ಫೋಮ್ ಅನ್ನೋ ಸಿಎಫ್‌ಡಿ ಸಾಫ್ಟ್‌ವೇರ್‌ನಲ್ಲಿ ಮೆಶ್ ಮಾಡಿ (ಜಾಗಾನ ಸಣ್ಣ ಸಣ್ಣ ಸೆಲ್‌ಗಳಾಗಿ ಕತ್ತರಿಸಿ), ಎಲ್‌ಇಎಸ್ (ದೊಡ್ಡ ಸುಳಿಗಳನ್ನ ನೇರವಾಗಿ ಲೆಕ್ಕ ಹಾಕೋ ವಿಧಾನ) ಓಡಿಸಿ, ಆಮೇಲೆ ಒಂದೇ ದೂರು ತಗೊಂಡು ಬರ್ತಾರೆ: ಇನ್‌ಲೆಟ್‌ನಲ್ಲಿ, ಅಂದ್ರೆ ಗಾಳಿ ಒಳಗೆ ಬರೋ ಮುಖದಲ್ಲಿ, ಟರ್ಬುಲೆನ್ಸ್ ಹಾಕಿದೀವಿ, ಆದ್ರೆ ಗುಡ್ಡದ ಹತ್ರ ಬರೋ ಹೊತ್ತಿಗೆ ಗಾಳಿ ಎಣ್ಣೆ ಹರಿದಂಗೆ ನುಣ್ಣಗೆ ಬರ್ತಾ ಐತೆ, ಯಾಕೆ?

ಈ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ಆದ್ರೆ ನೂರು ಉತ್ತರಾನೂ ಇಲ್ಲ, ಐದಾರು ಐತೆ ಅಷ್ಟೇ, ಮತ್ತೆ ಒಂದೊಂದೂ ಬೇರೆ ಬೇರೆ ಗುರುತು ಬಿಟ್ಟು ಹೋಗ್ತೈತೆ. ಆ ಗುರುತು ನೋಡದೆ ಮೊದ್ಲೇ ಸಬ್‌ಗ್ರಿಡ್ ಮಾಡೆಲ್ (ಸೆಲ್‌ಗಿಂತ ಚಿಕ್ಕ ಸುಳಿಗಳ ಲೆಕ್ಕ) ಬದಲಾಯಿಸೋದು, ಇನ್‌ಲೆಟ್ ಮೆಥಡ್ ಬದಲಾಯಿಸೋದು, ಕೊನೆಗೆ ಸಿಟ್ಟು ಬಂದು ಸಿಗ್ಮಾನ, ಅಂದ್ರೆ ವೇಗದ ಏರಿಳಿತದ ಅಳತೆನ, ಡಬಲ್ ಮಾಡೋದು, ಇದು ರೋಗ ಕೇಳದೆ ಇಂಜೆಕ್ಷನ್ ಕೊಡೋ ಕೆಲ್ಸ.

ಮೊದ್ಲು ಗುಡ್ಡ ತೆಗೀರಿ

ಹೌದು, ಗುಡ್ಡ ತೆಗೆದುಬಿಡ್ರಿ. ಅದೇ ಡೊಮೈನ್ (ಲೆಕ್ಕ ಹಾಕೋ ಜಾಗ), ಅದೇ ಸೆಲ್ ಸೈಜು, ಅದೇ ಸ್ಕೀಮ್ (ಸೆಲ್‌ನಿಂದ ಸೆಲ್‌ಗೆ ಹರಿವು ಲೆಕ್ಕ ಹಾಕೋ ಸೂತ್ರ), ಅದೇ ಟೈಮ್ ಸ್ಟೆಪ್, ನೆಲ ಮಾತ್ರ ಸಪಾಟು. ಖಾಲಿ ಡಬ್ಬಿ. ಗುಡ್ಡ ಇದ್ದಾಗ ಗಾಳಿ ಯಾವುದರಿಂದ ಬದಲಾಯ್ತು ಅಂತ ಗೊತ್ತಾಗಂಗಿಲ್ಲ, ಗುಡ್ಡ ತಾನೇ ಗಾಳಿನ ಹಿಂಡ್ತೈತೆ, ಹಿಂದೆ ಸುಳಿ ಎಬ್ಬಿಸ್ತೈತೆ. ಖಾಲಿ ಡಬ್ಬಿಲಿ ಇನ್‌ಲೆಟ್‌ನಲ್ಲಿ ಕೊಟ್ಟಿದ್ದು ಕೊನೆ ತನಕ ಹಂಗೇ ಬರ್ಬೇಕು, ಬರ್ಲಿಲ್ಲ ಅಂದ್ರೆ ತಪ್ಪು ಇನ್‌ಲೆಟ್‌ದೋ ಮೆಶ್‌ದೋ ನೆಲದ್ದೋ ಅಂತ ಗ್ಯಾರಂಟಿ.

ಪ್ರೋಬ್‌ಗಳನ್ನ (ವೇಗ, ಪ್ರೆಶರ್ ಬರ್ಕೊಳ್ಳೋ ಬಿಂದುಗಳು) ಇನ್‌ಲೆಟ್ ಮೇಲೆ ಒಂದು ಸಾಲು, ಆಮೇಲೆ ಬೌಂಡರಿ ಲೇಯರ್ (ನೆಲದ ಎಳೆತ ತಟ್ಟೋ ಗಾಳಿ ಪದರ) ದಪ್ಪದ 1, 2, 5, 10 ಪಟ್ಟು ದೂರದಲ್ಲಿ ಒಂದೊಂದು ಸಾಲು, ಪ್ರತಿ ಸಾಲಲ್ಲೂ ನಾಲ್ಕೈದು ಎತ್ತರದಲ್ಲಿ ಇಡ್ರಿ. ಸರಾಸರಿ ವೇಗ, ಮೂರೂ ದಿಕ್ಕಿನ ಸಿಗ್ಮಾ, ಶಿಯರ್ ಸ್ಟ್ರೆಸ್ (ಗಾಳಿಯುದ್ದ ಮತ್ತೆ ಮೇಲ್ಮುಖ ಏರಿಳಿತಗಳ ಸಂಬಂಧ), ಸ್ಪೆಕ್ಟ್ರಮ್ (ಯಾವ ಅಳತೆ ಸುಳಿಲಿ ಎಷ್ಟು ಶಕ್ತಿ), ಮತ್ತೆ ಪ್ರೆಶರ್‌ನ ಏರಿಳಿತ, ಇಷ್ಟೂ ಬೇಕು. ಜನ ಸಾಮಾನ್ಯವಾಗಿ ಮೊದ್ಲ ಎರಡು ನೋಡಿ ಬಿಡ್ತಾರೆ, ನಿಜವಾದ ಸುಳಿವು ಕೊನೆ ಮೂರರಲ್ಲಿ ಇರ್ತೈತೆ.

ಲೆಕ್ಕಕ್ಕೆ ಒಂದು ಸೆಟ್ ನಂಬರ್ ಇಟ್ಕೊಳ್ಳೋಣ, ಮುಂದೆ ಎಲ್ಲಾ ಕಡೆ ಇದೇ ಬರ್ತೈತೆ. ಫ್ರಿಕ್ಷನ್ ವೆಲಾಸಿಟಿ (ನೆಲದ ಎಳೆತದ ಅಳತೆ), ಅಂದ್ರೆ ಯು ಸ್ಟಾರ್, 0.5 ಮೀಟರ್ ಪ್ರತಿ ಸೆಕೆಂಡ್, ನೆಲದ ಒರಟುತನ 0.05 ಮೀಟರ್, ಕುರುಚಲು ಗಿಡ ಅಲ್ಲಲ್ಲಿ ಇರೋ ಬಯಲಿಗೆ ಇದು ಒಪ್ಪೋ ಲೆಕ್ಕ. ಎತ್ತರಕ್ಕೆ ತಕ್ಕಂತೆ ವೇಗ ಹೇಳೋ ಲಾಗ್ ನಿಯಮದಲ್ಲಿ 0.4 ವಾನ್ ಕಾರ್ಮನ್ ಸ್ಥಿರಾಂಕ ಹಾಕಿದ್ರೆ 80 ಮೀಟರ್ ಎತ್ತರದಲ್ಲಿ ಸರಾಸರಿ ಗಾಳಿ 9.2 ಮೀಟರ್ ಪ್ರತಿ ಸೆಕೆಂಡ್ ಬರ್ತೈತೆ. ನ್ಯೂಟ್ರಲ್ ಗಾಳಿಲಿ (ನೆಲದ ಬಿಸಿ, ತಂಪಿನ ಪ್ರಭಾವ ಇಲ್ದಾಗ) ನೆಲದ ಹತ್ರದ ಪದರದಲ್ಲಿ ಗಾಳಿಯುದ್ದ ಸಿಗ್ಮಾ ಯು ಸ್ಟಾರ್‌ನ ಸುಮಾರು 2.4 ಪಟ್ಟು, ಅಡ್ಡಕ್ಕೆ 1.9 ಪಟ್ಟು, ಮೇಲ್ಮುಖಕ್ಕೆ 1.25 ಪಟ್ಟು ಇರ್ತೈತೆ, ಅಂದ್ರೆ 1.2, 0.95, 0.63. ಶಿಯರ್ ಸ್ಟ್ರೆಸ್ ಮೈನಸ್ 0.25. ಟರ್ಬುಲೆನ್ಸ್ ಇಂಟೆನ್ಸಿಟಿ, ಅಂದ್ರೆ ಗಾಳಿಯುದ್ದ ಸಿಗ್ಮಾನ ಸರಾಸರಿ ವೇಗದಿಂದ ಭಾಗಿಸಿದ್ದು, ಸುಮಾರು 13%.

ಇನ್‌ಲೆಟ್ ಪ್ಲೇನ್ ಮೇಲೇ ಕಮ್ಮಿ ಇದ್ರೆ

ಮೊದ್ಲ ಸಾಲಿನ ಪ್ರೋಬ್‌ನಲ್ಲೇ 13% ಬದಲು 8% ಕಾಣ್ತಾ ಐತಾ? ಹಂಗಾದ್ರೆ ಕೆಳಗೆ ಹರಿದು ಸತ್ತಿದ್ದು ಅಲ್ಲ, ನೀವು ಕೊಟ್ಟಿದ್ದೇ ಕಮ್ಮಿ. ಇದರ ಮೂಲ ಹೆಚ್ಚಾಗಿ ರಾನ್ಸ್ (ಬರೀ ಸರಾಸರಿ ಗಾಳಿ ಲೆಕ್ಕ ಹಾಕೋ ವಿಧಾನ) ಕಾಲದ ಫಾರ್ಮುಲಾ. ಅದ್ರ ಕೆ-ಎಪ್ಸಿಲಾನ್ ಮಾಡೆಲ್‌ಗೆ 1993ರಲ್ಲಿ ರಿಚರ್ಡ್ಸ್ ಮತ್ತು ಹಾಕ್ಸಿ ಕೊಟ್ಟ ಇನ್‌ಲೆಟ್ ಎಲ್ಲರೂ ಬಳಸ್ತಾರೆ, ಅದ್ರಲ್ಲಿ ಕೆ (ಟರ್ಬುಲೆನ್ಸ್ ಶಕ್ತಿ) ಅಂದ್ರೆ ಯು ಸ್ಟಾರ್ ವರ್ಗವನ್ನ ಸಿ ಮ್ಯೂ ಅನ್ನೋ ಮಾಡೆಲ್ ಸ್ಥಿರಾಂಕದ ವರ್ಗಮೂಲದಿಂದ ಭಾಗಿಸಿದ್ದು, ಸಿ ಮ್ಯೂ 0.09 ಆದ್ರೆ 3.33 ಪಟ್ಟು, ನಮ್ಮ ಲೆಕ್ಕದಲ್ಲಿ 0.83. ಮೇಲಿನ ಮೂರು ಸಿಗ್ಮಾ ವರ್ಗ ಕೂಡಿಸಿ ಅರ್ಧ ಮಾಡಿದ್ರೆ 1.37 ಬರ್ತೈತೆ. ಈಗ ಆ 0.83ನ್ನ ಮೂರು ದಿಕ್ಕಿಗೂ ಸಮ ಹಂಚಿದ್ರೆ ಒಂದೊಂದಕ್ಕೆ ಸಿಗ್ಮಾ 0.745, ಅಂದ್ರೆ ಇಂಟೆನ್ಸಿಟಿ 8%. ರಾನ್ಸ್‌ಗೆ ಆ ಫಾರ್ಮುಲಾ ತಪ್ಪಲ್ಲ, ಮಾಡೆಲ್ ಒಳಗೆ ಅದು ಹೊಂದ್ಕೊಂಡು ಹೋಗ್ತೈತೆ, ಎಲ್‌ಇಎಸ್ ಇನ್‌ಲೆಟ್‌ಗೆ ಅದನ್ನೇ ಎತ್ತಿ ಹಾಕೋದು ತಪ್ಪು.

ಸಮ ಹಂಚೋದ್ರಲ್ಲಿ ಇನ್ನೊಂದು ದೊಡ್ಡ ನಷ್ಟ ಐತೆ, ಶಿಯರ್ ಸ್ಟ್ರೆಸ್ ಸೊನ್ನೆ ಆಗೋಗ್ತೈತೆ. ಟರ್ಬುಲೆನ್ಸ್ ತನ್ನನ್ನ ತಾನೇ ಸಾಕ್ಕೊಳ್ಳೋದು ಶಿಯರ್ ಸ್ಟ್ರೆಸ್ ಮತ್ತೆ ಸರಾಸರಿ ವೇಗದ ಏರಿಕೆ ಎರಡರ ಗುಣಾಕಾರದಿಂದ. ಅದು ಸೊನ್ನೆ ಅಂದ್ರೆ ಆದಾಯ ಇಲ್ದೆ ಖರ್ಚು ಮಾತ್ರ. ಗ್ರಾಫ್‌ನಲ್ಲಿ ಇದು ಹೆಂಗೆ ಕಾಣ್ತೈತೆ ಅಂದ್ರೆ, ಸಿಗ್ಮಾ ಸ್ವಲ್ಪ ದೂರ ಇಳೀತೈತೆ, ಆಮೇಲೆ ನೆಲದ ಕಡೆಯಿಂದ ನಿಧಾನಕ್ಕೆ ಮತ್ತೆ ಏರ್ತೈತೆ, ಯಾಕಂದ್ರೆ ಗಾಳಿ ತಾನೇ ಶಿಯರ್ ಸ್ಟ್ರೆಸ್ ಕಟ್ಕೊಳ್ತಾ ಐತೆ. ಇಳಿದು ಏರಿದ್ರೆ ಶಿಯರ್ ಸ್ಟ್ರೆಸ್ ಅನುಮಾನಿಸ್ರಿ, ಇಳಿದಿದ್ದು ಏರ್ಲೇ ಇಲ್ಲ ಅಂದ್ರೆ ಲೆಂಗ್ತ್ ಸ್ಕೇಲ್ (ಸುಳಿಯ ಅಳತೆ) ಇಲ್ಲಾ ಮೆಶ್.

ಸ್ಟ್ರೆಸ್ ಸರಿಯಾಗಿ ಹಾಕೋಕೆ ಚೊಲೆಸ್ಕಿ ರೂಪಾಂತರ (ಏರಿಳಿತಗಳನ್ನ ಬೇಕಾದ ಸಿಗ್ಮಾ, ಸ್ಟ್ರೆಸ್‌ಗೆ ಹೊಂದಿಸೋ ಲೆಕ್ಕ) ಸಾಕು, 1998ರಲ್ಲಿ ಲುಂಡ್, ವೂ, ಸ್ಕ್ವೈರ್ಸ್ ಬರೆದ ಪೇಪರ್ ಆದ್ಮೇಲೆ ಎಲ್ಲರ ಕೋಡ್‌ನಲ್ಲೂ ಇರೋದು ಇದೇ. ಕೈಲೇ ಮಾಡಿ ನೋಡ್ರಿ: ಮೊದ್ಲ ಅಂಕಿ 1.2, ಯು-ಡಬ್ಲ್ಯೂ (ಗಾಳಿಯುದ್ದ-ಮೇಲ್ಮುಖ) ಕೊಂಡಿ ಮೈನಸ್ 0.25 ಭಾಗಿಸು 1.2, ಅಂದ್ರೆ ಮೈನಸ್ 0.208, ಉಳಿದ ಡಬ್ಲ್ಯೂ ಅಂಕಿ 0.63ರ ವರ್ಗದಿಂದ 0.208ರ ವರ್ಗ ಕಳೆದು ವರ್ಗಮೂಲ, 0.595. ಕಳೆದಾಗ ಮೈನಸ್ ಬಂತು ಅಂದ್ರೆ ನೀವು ಕೊಟ್ಟಿರೋ ಸ್ಟ್ರೆಸ್ ಭೌತಿಕವಾಗಿ ಸಾಧ್ಯಾನೇ ಇಲ್ಲ, ಕೋಡ್ ಎನ್‌ಎಎನ್ (ಸಂಖ್ಯೆನೇ ಅಲ್ಲದ ಉತ್ತರ) ಕಕ್ಕುತ್ತೆ ಇಲ್ಲಾಂದ್ರೆ ಸೈಲೆಂಟಾಗಿ ಸೊನ್ನೆ ಹಾಕ್ಕೊಂಡು ಮುಂದೆ ಹೋಗ್ತೈತೆ, ಎರಡನೇದೇ ಡೇಂಜರ್. ಪ್ರೊಫೈಲ್ ಫೈಲ್‌ನಲ್ಲಿ ನೆಲಕ್ಕೆ ಹತ್ತಿರದ ಒಂದೆರಡು ಬಿಂದುಲಿ ಇದು ಆಗೋದು ಜಾಸ್ತಿ, ಯಾಕಂದ್ರೆ ಅಲ್ಲಿ ಡಬ್ಲ್ಯೂ ಸಿಗ್ಮಾನ ಯಾರಾದ್ರೂ ಅಂದಾಜಲ್ಲಿ ಇಳಿಸಿರ್ತಾರೆ, ಸ್ಟ್ರೆಸ್ ಇಳಿಸೋದು ಮರೆತಿರ್ತಾರೆ.

ಎರಡು ಮೂರು ಸೆಲ್ ದಾಟೋದ್ರಲ್ಲೇ ಸತ್ತೋದ್ರೆ

ಇದು ವೈಟ್ ನಾಯ್ಸ್ ಲಕ್ಷಣ. ಪ್ರತಿ ಸೆಲ್‌ಗೆ, ಪ್ರತಿ ಸ್ಟೆಪ್‌ಗೆ ಒಂದೊಂದು ರ್ಯಾಂಡಮ್ ನಂಬರ್ ಸೇರಿಸೋದು. ಸಿಗ್ಮಾ ಕರೆಕ್ಟಾಗೇ ಇರ್ತೈತೆ, ಇನ್‌ಲೆಟ್ ಪ್ಲೇನ್ ವಿಡಿಯೋ ಮಾಡಿದ್ರೆ ಭರ್ಜರಿ ಕುದೀತಿರ್ತೈತೆ. ಆದ್ರೆ ಅದು ಎದುರುಗಾಳಿಗೆ ಮಂಡಕ್ಕಿ ಎರಚಿದಂಗೆ, ಎರಚಿದಷ್ಟೂ ಕಾಲ ಬುಡದಲ್ಲೇ. ಕಾರಣ ಏನಂದ್ರೆ ವೈಟ್ ನಾಯ್ಸ್‌ನಲ್ಲಿ ಶಕ್ತಿ ಎಲ್ಲಾ ಅಲೆ ಉದ್ದಕ್ಕೂ ಸಮ ಹಂಚಿರ್ತೈತೆ, ಹಂಗಾಗಿ ಬಹುಪಾಲು ಮೆಶ್ ಹಿಡಿಯೋ ಕನಿಷ್ಠ ಅಲೆಗಳಲ್ಲೇ ಕೂತಿರ್ತೈತೆ, ಅವುಗಳನ್ನ ಸಬ್‌ಗ್ರಿಡ್ ವಿಸ್ಕಾಸಿಟಿ ಮತ್ತೆ ಸ್ಕೀಮ್ ಎರಡೂ ಸೇರ್ಕೊಂಡು ತಿಂದುಹಾಕ್ತವೆ, ಮೇಲಾಗಿ ಆ ಫೀಲ್ಡ್ ಕಂಟಿನ್ಯೂಟಿ (ಒಳಗೆ ಬಂದಷ್ಟೇ ಗಾಳಿ ಹೊರಗೆ ಹೋಗ್ಬೇಕು ಅನ್ನೋ ನಿಯಮ) ಪಾಲಿಸಲ್ಲ ಅಂತ ಪ್ರೆಶರ್ ಸಾಲ್ವರ್ ಮೊದ್ಲ ಸ್ಟೆಪ್‌ನಲ್ಲೇ ಒಂದಿಷ್ಟು ಒರೆಸಿ ಹಾಕ್ತೈತೆ. ನಿಜವಾದ ಗಾಳಿಲಿ ಶಕ್ತಿ ದೊಡ್ಡ ಸುಳಿಗಳಲ್ಲಿ ಇರ್ತೈತೆ, ಅಲ್ಲಿಂದ ಕೆಳಗೆ ಮೈನಸ್ 5/3 ಇಳಿಜಾರಲ್ಲಿ ಹರಿದು ಬರ್ತೈತೆ, ಕಾಲ್ಮೊಗೊರೊವ್ 1941ರಲ್ಲೇ ಹೇಳಿದ ಮಾತು. ಸ್ಪೆಕ್ಟ್ರಮ್ ಹಾಕಿ ನೋಡ್ರಿ, ಇನ್‌ಲೆಟ್ ಮೇಲೆ ಚಪ್ಪಟೆ ಗೆರೆ ಬಂದ್ರೆ ಮುಂದೆ ಏನೂ ಹುಡುಕೋದು ಬೇಡ.

ಪರಿಹಾರ ಅಂದ್ರೆ ಜಾಗದಲ್ಲೂ ಕಾಲದಲ್ಲೂ ಸಂಬಂಧ ಇರೋ ಏರಿಳಿತ ಕೊಡೋದು. ಕ್ಲೈನ್, ಸಾದಿಕಿ, ಯಾನಿಕಾ 2003ರಲ್ಲಿ ತಂದ ಡಿಜಿಟಲ್ ಫಿಲ್ಟರ್ (ರ್ಯಾಂಡಮ್ ನಂಬರ್‌ಗಳನ್ನ ಸೋಸಿ ಸಂಬಂಧ ತರೋದು), 2006ರಲ್ಲಿ ಜ್ಯಾರಿನ್ ಮತ್ತು ಜೊತೆಗಾರರು ತಂದ ಸಿಂಥೆಟಿಕ್ ಎಡ್ಡಿ (ಕೃತಕ ಸುಳಿ ಬಿಡೋದು), 2008ರಲ್ಲಿ ಶೀ ಮತ್ತು ಕ್ಯಾಸ್ಟ್ರೊ ಫಿಲ್ಟರ್‌ನ ಕಾಲದ ಭಾಗ ಅಗ್ಗ ಮಾಡಿದ್ದು. ಶೀ-ಕ್ಯಾಸ್ಟ್ರೊ ವಿಧಾನ ಸ್ವಂತ ಕೋಡ್ ಬರೆಯೋರಿಗೆ ನನ್ನ ಮೊದ್ಲ ಆಯ್ಕೆ, ಹಳೇ ಸ್ಟೆಪ್‌ನ ಫೀಲ್ಡ್‌ಗೆ ಒಂದು ಗುಣಕ, ಹೊಸದಕ್ಕೆ ಇನ್ನೊಂದು ಗುಣಕ, ಎರಡೂ ಗುಣಕದ ವರ್ಗ ಕೂಡಿದ್ರೆ 1 ಬರ್ಬೇಕು. ಸಿಗ್ಮಾ ದಿನೇ ದಿನೇ ಕರಗ್ತಾನೋ ಊದ್ತಾನೋ ಹೋದ್ರೆ ಆ 1 ಎಲ್ಲೋ ತಪ್ಪಿದೆ ಅಂತ ಅರ್ಥ, ಬೇರೆ ಏನೂ ಅಲ್ಲ.

ನಿಧಾನಕ್ಕೆ ಸಾಯ್ತಿದ್ರೆ ಲೆಂಗ್ತ್ ಸ್ಕೇಲ್ ಮತ್ತು ಮೆಶ್

ಇಲ್ಲಿ ಸ್ವಲ್ಪ ಕೂತು ನೋಡ್ಬೇಕು, ಅರ್ಧಕ್ಕರ್ಧ ಕೇಸ್ ಇಲ್ಲೇ ಬಂದು ನಿಲ್ಲೋದು ಅಂತ ನನ್ನ ಅಭಿಪ್ರಾಯ. ಗಾಳಿಯುದ್ದ ಸುಳಿ 140 ಮೀಟರ್ ಅಂತ ಕೊಟ್ಟು, 20 ಮೀಟರ್ ಸೆಲ್ ಇಟ್ಟು, ಏಳು ಸೆಲ್ ಸಿಗ್ತಲ್ಲ ಸಾಕು ಅಂತ ಹುಡುಗ್ರು ಕೂತಿರ್ತಾರೆ. ಆದ್ರೆ ಅಡ್ಡಕ್ಕೆ ಮತ್ತೆ ಮೇಲ್ಮುಖಕ್ಕೆ ಸುಳಿ ಅಷ್ಟುದ್ದ ಇರಲ್ಲ. ಮೇಲ್ಮುಖ ಸುಳಿ 30 ಮೀಟರ್ ಅಂತ ಇಟ್ಕೊಂಡ್ರೆ ಒಂದೂವರೆ ಸೆಲ್. ಎರಡು ಸೆಲ್‌ಗಿಂತ ಚಿಕ್ಕ ಅಲೆ ಮೆಶ್‌ನಲ್ಲಿ ಇರೋಕೇ ಸಾಧ್ಯ ಇಲ್ಲ, ಇದ್ರೂ ಆರೆಂಟು ಸೆಲ್ ಇಲ್ದೆ ಬದುಕಿ ಮುಂದೆ ಹೋಗಲ್ಲ. ಹಂಗಾಗಿ ಡಬ್ಲ್ಯೂ ಸಿಗ್ಮಾ ಮೊದ್ಲು ಸಾಯ್ತೈತೆ, ಅದು ಸತ್ತ ಮೇಲೆ ಶಿಯರ್ ಸ್ಟ್ರೆಸ್ ಸಾಯ್ತೈತೆ, ಅದು ಸತ್ತ ಮೇಲೆ ಯು ಸಿಗ್ಮಾ ಕೂಡ. ಈ ಸಾಲು ಗ್ರಾಫ್‌ನಲ್ಲಿ ಸ್ಪಷ್ಟ ಕಾಣ್ತೈತೆ, ಮೂರು ಸಿಗ್ಮಾ ಗೆರೆಗಳಲ್ಲಿ ಡಬ್ಲ್ಯೂ ಮೊದ್ಲು ಬಗ್ಗಿದ್ರೆ ಸೆಲ್ ದಪ್ಪ ಆಗಿದೆ ಅಂತಾನೇ.

ನೆಲದಿಂದ 10 ಮೀಟರ್ ಎತ್ತರದಲ್ಲಂತೂ ಮೇಲ್ಮುಖ ಸುಳಿ ನೆಲಕ್ಕೆ ತಾಗೋದ್ರಿಂದ ಇನ್ನೂ ಕುಗ್ಗಿರ್ತೈತೆ. ಎಲ್ಲಾ ಎತ್ತರಕ್ಕೂ ಒಂದೇ ಲೆಂಗ್ತ್ ಸ್ಕೇಲ್ ಕೊಡೋದು ಸುಲಭ, ಆದ್ರೆ ನೆಲದ ಹತ್ರ ದೊಡ್ಡ ಮೇಲ್ಮುಖ ಸುಳಿ ಕೊಟ್ರೆ ಅದು ನೆಲಕ್ಕೆ ಬಡಿದು ಒಡೆಯೋಕೇ ಐದಾರು ಬೌಂಡರಿ ಲೇಯರ್ ದಪ್ಪ ದೂರ ಬೇಕಾಗ್ತೈತೆ. ಎತ್ತರಕ್ಕೆ ತಕ್ಕಂತೆ ಬದಲಾಗೋ ಸ್ಕೇಲ್ ಕೊಡ್ರಿ. ವಿಂಡ್‌ಮಿಲ್ ವಿನ್ಯಾಸದ ಅಂತರರಾಷ್ಟ್ರೀಯ ಮಾನದಂಡ ಐಇಸಿ 61400-1ರ ಮೂರನೇ ಆವೃತ್ತಿಲಿ 60 ಮೀಟರ್ ತನಕ ಎತ್ತರದ 0.7 ಪಟ್ಟು, ಅದ್ರ ಮೇಲೆ 42 ಮೀಟರ್ ಅಂತ ಒಂದು ಮೂಲ ಅಳತೆ ಐತೆ, ಅದ್ರಲ್ಲಿರೋ ಕೈಮಲ್ ಸ್ಪೆಕ್ಟ್ರಮ್ ಫಾರ್ಮುಲಾದಲ್ಲಿ ಗಾಳಿಯುದ್ದಕ್ಕೆ ಅದನ್ನ 8.1ರಿಂದ ಗುಣಿಸಬೇಕು, 340 ಮೀಟರ್ ಬರ್ತೈತೆ. ಇಲ್ಲೇ ಒಂದು ಹಳ್ಳ ಐತೆ ನೋಡ್ರಿ: ಕೈಮಲ್‌ನ 340 ಮೀಟರ್ ಆ ಫಾರ್ಮುಲಾದ ಒಂದು ಪ್ಯಾರಾಮೀಟರ್, ಡಿಜಿಟಲ್ ಫಿಲ್ಟರ್ ಕೇಳೋದು ಕೋರಿಲೇಶನ್ (ಎರಡು ಬಿಂದುಗಳ ಏರಿಳಿತದ ಸಂಬಂಧ) ಗೆರೆ ಕೆಳಗಿನ ವಿಸ್ತೀರ್ಣದ ಉದ್ದ. ಎರಡೂ ಒಂದೇ ಅಂತ ತುಂಬಿದ್ರೆ ಸುಳಿ ಬೇಕಾದ್ದಕ್ಕಿಂತ ದೊಡ್ಡದಾಗಿ, ಗಾಳಿ ಸಾಯೋ ಬದಲು ಮಂದವಾಗಿ ಹೊಯ್ದಾಡ್ತೈತೆ.

ಓಪನ್‌ಫೋಮ್‌ನ ಡಿಎಫ್‌ಎಸ್‌ಇಎಂ (ಸಿಂಥೆಟಿಕ್ ಎಡ್ಡಿಯ ಒಂದು ಬಗೆ) ಇನ್‌ಲೆಟ್ ಬಳಸೋರು ಒಂದು ವಿಷ್ಯ ಗಮನಿಸಿ. ಒಂದು ಎಡ್ಡಿಗೆ ಕನಿಷ್ಠ ಎಷ್ಟು ಸೆಲ್ ಅನ್ನೋ ಸೆಟ್ಟಿಂಗ್ ಅದ್ರಲ್ಲಿ ಐತೆ, ನೀವು ಕೊಟ್ಟ ಸ್ಕೇಲ್ ಅದಕ್ಕಿಂತ ಚಿಕ್ಕದಿದ್ರೆ ಕೋಡ್ ತಾನೇ ದೊಡ್ಡದು ಮಾಡ್ಕೊಳ್ತೈತೆ. ಮೇಲಿನ ಮಿತಿಗೂ ಡೆಲ್ಟಾ ಅನ್ನೋ ಸಂಖ್ಯೆ ಐತೆ, ಟ್ಯುಟೋರಿಯಲ್ ಕೇಸ್‌ನಿಂದ ಕಾಪಿ ಹೊಡೆದ ಡೆಲ್ಟಾ 1 ಅಂತ ಹಂಗೇ ಬಿಟ್ಟಿದ್ರೆ 140 ಮೀಟರ್ ಕೊಟ್ರೂ ಅದು ಕತ್ತರಿಸಿ ಹಾಕ್ತೈತೆ. ಇನ್‌ಪುಟ್ ಫೈಲ್ ನೋಡಿ ಸಮಾಧಾನ ಪಡಬೇಡ್ರಿ, ಹೊರಗೆ ಬಂದ ಗಾಳಿಯ ಕೋರಿಲೇಶನ್ ಅಳೀರಿ.

ಇನ್ನು ಸ್ಕೀಮ್. ಅಪ್‌ವಿಂಡ್ ಇದ್ರೆ ತೆಗೀರಿ, ಅದು ಏರಿಳಿತಾನ ಒರೆಸಿ ಹಾಕ್ತೈತೆ, ಮಾತಿಲ್ಲ. ಲೀನಿಯರ್ ಅಪ್‌ವಿಂಡ್ ಕೂಡ ಎಲ್‌ಇಎಸ್‌ಗೆ ಭಾರಾನೇ, ಲೀನಿಯರ್ ಓಡಿಸೋಕೆ ಆಗ್ಲಿಲ್ಲ ಅಂದ್ರೆ ಅವೆರಡನ್ನ ಬೆರೆಸಿರೋ ಲಸ್ಟ್ ಹಾಕ್ರಿ. ಕೊರಾಂಟ್ ನಂಬರ್ (ಒಂದು ಸ್ಟೆಪ್‌ನಲ್ಲಿ ಗಾಳಿ ದಾಟೋ ಸೆಲ್ ಎಣಿಕೆ) 1ರ ಕೆಳಗೆ ಇರ್ಲಿ. ಸ್ಕೀಮ್ ತಪ್ಪಿನ ಗುರುತು ಸ್ಪೆಕ್ಟ್ರಮ್‌ನಲ್ಲಿ ಐತೆ, ಮೈನಸ್ 5/3 ಇಳಿಜಾರು ಶುರುವಾಗೋ ಮೊದ್ಲೇ ಗೆರೆ ಕಡಿದಾಗಿ ಬಿದ್ದೋಗಿರ್ತೈತೆ.

ಪ್ರೆಶರ್ ಕುಣೀತಾ ಐತೆ

ವೇಗದ ಗ್ರಾಫ್ ಎಲ್ಲಾ ಚೆನ್ನಾಗಿದೆ, ಆದ್ರೆ ಪ್ರೆಶರ್ ಹುಚ್ಚು ಹಿಡಿದಂಗೆ ಐತೆ ಅಂದ್ರೆ ಎರಡು ಬಗೆ ಇರ್ತೈತೆ, ಗುರುತಿಸೋದು ಸುಲಭ. ಇನ್‌ಲೆಟ್ ಹತ್ರ ಒಂದು ಪ್ರೋಬ್, ಎರಡು ಕಿಲೋಮೀಟರ್ ಆಚೆ ಇನ್ನೊಂದು ಪ್ರೋಬ್, ಎರಡರ ಪ್ರೆಶರ್ ಒಂದೇ ಗ್ರಾಫ್‌ನಲ್ಲಿ ಹಾಕ್ರಿ. ಎರಡೂ ಒಂದೇ ಕ್ಷಣದಲ್ಲಿ ಒಟ್ಟಿಗೆ ಮೇಲೆ ಕೆಳಗೆ ಆಗ್ತಿದ್ರೆ ಅದು ಮಾಸ್ ಫ್ಲಕ್ಸ್ (ಒಳಗೆ ಬರೋ ಒಟ್ಟು ಗಾಳಿ) ಸಮಸ್ಯೆ. ಆಚೆ ಪ್ರೋಬ್ ಶಾಂತ, ಇನ್‌ಲೆಟ್ ಹತ್ರದ್ದು ಮಾತ್ರ ಗಲಾಟೆ ಅಂದ್ರೆ ಡೈವರ್ಜೆನ್ಸ್ (ಸೆಲ್ ಮಟ್ಟದಲ್ಲಿ ಕಂಟಿನ್ಯೂಟಿ ತಪ್ಪೋದು) ಸಮಸ್ಯೆ.

ಮಾಸ್ ಫ್ಲಕ್ಸ್ ಕತೆ ಹಿಂಗೆ. ರ್ಯಾಂಡಮ್ ಏರಿಳಿತ ಇನ್‌ಲೆಟ್ ಪ್ಲೇನ್ ಪೂರ್ತಿ ಕೂಡಿದ್ರೆ ಸೊನ್ನೆ ಆಗ್ಬೇಕು ಅನ್ಕೊಳ್ತೀವಿ, ಆಗಲ್ಲ, ಪ್ಲೇನ್ ಮೇಲೆ ಇರೋ ಸುಳಿ ಎಣಿಕೆ ಕೆಲವು ನೂರು ಅಷ್ಟೇ. ಒಳಗೆ ಬರೋ ಗಾಳಿ ಪ್ರತಿ ಸ್ಟೆಪ್‌ಗೂ ಒಂಚೂರು ಹೆಚ್ಚು ಕಮ್ಮಿ. ಇನ್‌ಕಂಪ್ರೆಸಿಬಲ್ ಸಾಲ್ವರ್‌ನಲ್ಲಿ ಗಾಳಿ ಹಿಗ್ಗಂಗಿಲ್ಲ ಕುಗ್ಗಂಗಿಲ್ಲ, ಹಂಗಾಗಿ ಇಡೀ ಡೊಮೈನ್‌ನ ಗಾಳಿ ಒಟ್ಟಿಗೆ ವೇಗ ಬದಲಾಯಿಸ್ಬೇಕು, ಅಷ್ಟು ಗಾಳಿನ ತಳ್ಳೋಕೆ ಪ್ರೆಶರ್ ಬೇಕು. ಲೆಕ್ಕ ಹಾಕಿದ್ರೆ ಗಾಬರಿ ಆಗ್ತೈತೆ: ಸರಾಸರಿ ವೇಗ 0.1 ಸೆಕೆಂಡ್ ಸ್ಟೆಪ್‌ನಲ್ಲಿ ಬರೀ 0.01 ಮೀಟರ್ ಪ್ರತಿ ಸೆಕೆಂಡ್ ಬದಲಾದ್ರೂ, 3000 ಮೀಟರ್ ಉದ್ದದ ಡೊಮೈನ್‌ಗೆ ಪ್ರೆಶರ್ ಭಾಗಿಸು ಡೆನ್ಸಿಟಿ 300 ಬರ್ತೈತೆ, 9.2 ಮೀಟರ್ ಗಾಳಿಯ ಡೈನಾಮಿಕ್ ಪ್ರೆಶರ್ ಅದೇ ಅಳತೆಲಿ 42. ಏಳು ಪಟ್ಟು! ಡೊಮೈನ್ ಉದ್ದ ಮಾಡಿದಷ್ಟೂ ಇದು ಜಾಸ್ತಿ ಆಗ್ತೈತೆ, ಮೆಶ್ ಸಣ್ಣ ಮಾಡಿ ಸ್ಟೆಪ್ ಇಳಿಸಿದ್ರೆ ಗುಣ ಕಾಣಲ್ಲ. ಔಷಧ ಒಂದೇ ಸಾಲಿಂದು, ಪ್ರತಿ ಸ್ಟೆಪ್‌ನಲ್ಲೂ ಇನ್‌ಲೆಟ್ ಫ್ಲಕ್ಸ್ ಕೂಡಿಸಿ, ಬೇಕಾದ ಫ್ಲಕ್ಸ್‌ಗೆ ಅನುಪಾತ ತಗೊಂಡು ವೇಗಾನ ಗುಣಿಸೋದು. ಸಿಗ್ಮಾ ಮೇಲೆ ಇದರ ಪರಿಣಾಮ ಕಾಣೋಷ್ಟು ಇರಲ್ಲ. ಕಟ್ಟಡದ ಗೋಡೆ ಮೇಲಿನ ಪ್ರೆಶರ್, ಶಬ್ದದ ಲೆಕ್ಕ ಇಂಥದ್ದು ಮಾಡೋರು ಇದನ್ನ ಬಿಡಂಗೇ ಇಲ್ಲ, ಬರೀ ವಿಂಡ್‌ಮಿಲ್ ಎತ್ತರದ ವೇಗ ಬೇಕಾದೋರು ಬಿಟ್ರೂ ಅಷ್ಟೇನು ಮುಳುಗಲ್ಲ, ಆದ್ರೂ ಮಾಡ್ರಿ.

ಡೈವರ್ಜೆನ್ಸ್ ಸಮಸ್ಯೆ ಸ್ವಲ್ಪ ಹಠಮಾರಿ. ಫಿಲ್ಟರ್ ಮಾಡಿದ ರ್ಯಾಂಡಮ್ ಫೀಲ್ಡ್ ಕಂಟಿನ್ಯೂಟಿ ಪಾಲಿಸಲ್ಲ, ಸಾಲ್ವರ್ ಇನ್‌ಲೆಟ್ ಪಕ್ಕದಲ್ಲೇ ಅದನ್ನ ತಿದ್ದತೈತೆ, ತಿದ್ದೋ ಗಲಾಟೆನೇ ಪ್ರೆಶರ್‌ನಲ್ಲಿ ಕಾಣೋದು. ಕಿಮ್, ಕ್ಯಾಸ್ಟ್ರೊ, ಶೀ 2013ರಲ್ಲಿ ಇದಕ್ಕೊಂದು ಚಂದದ ದಾರಿ ತೋರ್ಸಿದ್ರು: ಏರಿಳಿತಾನ ಇನ್‌ಲೆಟ್ ಮುಖದ ಮೇಲೆ ಹಾಕೋ ಬದಲು, ಸ್ವಲ್ಪ ಒಳಗಿನ ಒಂದು ಪ್ಲೇನ್ ಮೇಲೆ ಪ್ರೆಶರ್ ತಿದ್ದುಪಡಿ ನಡೆಯೋ ಮಧ್ಯದಲ್ಲೇ ಸೇರಿಸೋದು, ಹಂಗೆ ಮಾಡಿದ್ರೆ ಸಾಲ್ವರ್ ತಾನೇ ಅದನ್ನ ಕಂಟಿನ್ಯೂಟಿಗೆ ಒಗ್ಗಿಸಿ ಮುಂದೆ ಕಳಿಸ್ತೈತೆ. ಅದೇ ವರ್ಷ ಪೊಲೆಟ್ಟೊ, ಕ್ರಾಫ್ಟ್, ರೆವೆಲ್ ಡೈವರ್ಜೆನ್ಸ್ ಇಲ್ಲದ ಎಡ್ಡಿ ವಿಧಾನ ಕೊಟ್ರು, ಓಪನ್‌ಫೋಮ್‌ನ ಡಿಎಫ್‌ಎಸ್‌ಇಎಂ ಅದೇ. ಆದ್ರೆ ಅದಕ್ಕೆ ಒಂದು ಮಿತಿ ಐತೆ, ಮೂರು ದಿಕ್ಕಿನ ಸಿಗ್ಮಾ ತುಂಬಾ ಬೇರೆ ಬೇರೆ ಇದ್ರೆ ಎಲ್ಲಾ ಅನುಪಾತಾನೂ ಅದು ಹಿಡಿಯಲ್ಲ. ಡೈವರ್ಜೆನ್ಸ್ ಹೋಯ್ತು, ಸ್ಟ್ರೆಸ್ ಸ್ವಲ್ಪ ಹೋಯ್ತು, ಯಾವುದು ಬೇಕು ನೋಡ್ಕೊಳ್ರಿ.

ಒಂದೇ ರಾಗ ಮತ್ತೆ ಮತ್ತೆ

ಸ್ಪೆಕ್ಟ್ರಮ್‌ನಲ್ಲಿ ಚೂಪಾದ ಕೊಂಬು ಎದ್ದಿದ್ರೆ, ಅದರ ಪಕ್ಕ ಎರಡು ಪಟ್ಟು, ಮೂರು ಪಟ್ಟು ಫ್ರೀಕ್ವೆನ್ಸಿಲಿ ಮರಿ ಕೊಂಬು ಇದ್ರೆ, ಗಾಳಿ ಎಲ್ಲೋ ಸುತ್ತು ಹೊಡೀತಾ ಐತೆ. ರೀಸೈಕ್ಲಿಂಗ್ ಇನ್‌ಲೆಟ್ (ಒಳಗಿನ ಒಂದು ಪ್ಲೇನ್‌ನ ಗಾಳಿನ ವಾಪಸ್ ಇನ್‌ಲೆಟ್‌ಗೆ ಹಾಕೋದು) ಬಳಸಿದ್ರೆ ಗಾಳಿಯ ವೇಗಾನ ರೀಸೈಕ್ಲಿಂಗ್ ದೂರದಿಂದ ಭಾಗಿಸ್ರಿ, ಕೊಂಬು ಅಲ್ಲೇ ಕೂತಿದ್ರೆ ಕಳ್ಳ ಸಿಕ್ಕಂಗೆ. ದೂರ ಹೆಚ್ಚಿಸ್ರಿ, ವಾಪಸ್ ಹಾಕೋವಾಗ ಪ್ಲೇನ್‌ನ ಅಡ್ಡಕ್ಕೆ ಸರಿಸಿ ಹಾಕ್ರಿ, ಇಲ್ಲಾಂದ್ರೆ ಒಂದೇ ಜಾಗದಲ್ಲಿ ಉದ್ದುದ್ದ ಪಟ್ಟೆ ಕಟ್ಕೊಂಡು ಸರಾಸರಿಲೂ ಕಾಣೋಕೆ ಶುರು ಆಗ್ತೈತೆ.

ಮಾನ್ ಬಾಕ್ಸ್ (ಮೊದ್ಲೇ ತಯಾರಿಸಿಟ್ಟ ಕೃತಕ ಗಾಳಿಯ ಡಬ್ಬಿ) ಬಳಸೋರಿಗೂ ಇದೇ, ಆ ಬಾಕ್ಸ್ ಮೂರೂ ದಿಕ್ಕಲ್ಲಿ ಪೀರಿಯಾಡಿಕ್, ಒಂದು ಅಂಚು ಮುಗಿದ್ರೆ ಎದುರಿನ ಅಂಚಿಂದ ಮತ್ತೆ ಅದೇ ಗಾಳಿ. 4096 ಮೀಟರ್ ಉದ್ದದ ಬಾಕ್ಸ್ 8 ಮೀಟರ್ ವೇಗದಲ್ಲಿ 512 ಸೆಕೆಂಡ್‌ಗೆ ಮುಗಿದು ಮತ್ತೆ ಶುರು. ಉದ್ದ ಎಲ್ಲರಿಗೂ ಗೊತ್ತಾಗ್ತೈತೆ, ಎತ್ತರ ಮರೀತಾರೆ: ಬಾಕ್ಸ್‌ನ ಪೂರ್ತಿ ಎತ್ತರ ಬಳಸಿದ್ರೆ ನೆಲದ ಹತ್ರದ ಗಾಳಿ ಮತ್ತೆ ಆಕಾಶದ ತುದಿ ಗಾಳಿ ಅಣ್ಣತಮ್ಮಂದಿರ ತರ ಒಂದೇ ರೀತಿ ಅಲ್ಲಾಡ್ತವೆ. ಬೇಕಾದ್ದರ ಎರಡು ಪಟ್ಟು ಅಗಲ, ಎತ್ತರದ ಬಾಕ್ಸ್ ಮಾಡಿ ಅರ್ಧ ಬಿಸಾಕ್ರಿ.

ಇದ್ರ ಜೊತೆಗೇ ಇನ್ನೊಂದು. ಬಾಕ್ಸ್ ಆಗ್ಲಿ, ಬೇರೆ ಸಿಮ್ಯುಲೇಶನ್‌ನಿಂದ ಉಳಿಸಿದ ಪ್ಲೇನ್ ಆಗ್ಲಿ, ಉಳಿಸಿದ ಸ್ಟೆಪ್‌ಗಳ ಮಧ್ಯೆ ಸಾಲ್ವರ್ ಲೀನಿಯರ್ ಇಂಟರ್‌ಪೊಲೇಶನ್ ಮಾಡ್ತೈತೆ. ಉಳಿಸೋ ಗ್ಯಾಪ್ ದೊಡ್ಡದಾಗಿ ಪಕ್ಕಪಕ್ಕದ ಪ್ಲೇನ್‌ಗಳಿಗೆ ಸಂಬಂಧಾನೇ ಇಲ್ದಂಗೆ ಆದ್ರೆ ಮಧ್ಯಬಿಂದುಲಿ ವೇರಿಯನ್ಸ್ (ಸಿಗ್ಮಾ ವರ್ಗ) ಅರ್ಧಕ್ಕೆ ಇಳೀತೈತೆ, ಒಟ್ಟು ಸರಾಸರಿ ಮೂರನೇ ಎರಡು ಭಾಗಕ್ಕೆ. ಡಿಸ್ಕ್ ಜಾಗ ಉಳಿಸೋಕೆ ಹೋಗಿ ಗಾಳಿ ಕಳ್ಕೊಂಡಂಗೆ.

ಕರೆಂಟ್ ಹೋದ್ಮೇಲೆ ಮತ್ತು ಪ್ಯಾರಲಲ್‌ನಲ್ಲಿ

ಬೇಸಿಗೇಲಿ ಕರೆಂಟ್ ಯಾವಾಗ ಹೋಗ್ತೈತೋ ಗೊತ್ತಿಲ್ಲ, ಯುಪಿಎಸ್ ಅರ್ಧ ಗಂಟೆ, ಆಮೇಲೆ ರೀಸ್ಟಾರ್ಟ್. ವೇಗ, ಪ್ರೆಶರ್ ಫೈಲ್ ಇರ್ತೈತೆ, ಆದ್ರೆ ಇನ್‌ಲೆಟ್‌ನ ಒಳಗಿನ ಸ್ಥಿತಿ, ಅಂದ್ರೆ ಎಡ್ಡಿಗಳು ಎಲ್ಲಿದ್ವು, ಫಿಲ್ಟರ್‌ನ ಹಳೇ ಫೀಲ್ಡ್ ಏನಿತ್ತು, ಅದನ್ನ ಉಳಿಸ್ಲಿಲ್ಲ ಅಂದ್ರೆ ರೀಸ್ಟಾರ್ಟ್ ಆದ ಕ್ಷಣ ಇನ್‌ಲೆಟ್‌ನಲ್ಲಿ ಬೇರೆ ಗಾಳಿ. ಒಂದು ಗೋಡೆ ತರ ಜಿಗಿತ ಡೊಮೈನ್ ಒಳಗೆ ನಡ್ಕೊಂಡು ಹೋಗ್ತೈತೆ. ಸ್ವಂತ ಕೋಡ್‌ನಲ್ಲಿ ರ್ಯಾಂಡಮ್ ಜನರೇಟರ್ ಸೀಡ್ (ಶುರುವಿನ ಸಂಖ್ಯೆ) ಸಮೇತ ಬರೆದಿಡ್ರಿ, ಆಗ್ಲಿಲ್ಲ ಅಂದ್ರೆ ರೀಸ್ಟಾರ್ಟ್ ಆದ್ಮೇಲೆ ಗಾಳಿ ಒಂದು ಸಲ ಪೂರ್ತಿ ಡೊಮೈನ್ ದಾಟೋ ತನಕ ಸರಾಸರಿ ಲೆಕ್ಕ ನಿಲ್ಲಿಸ್ರಿ.

ಪ್ಯಾರಲಲ್‌ನಲ್ಲಿ ಸೀಡ್ ಎಲ್ಲಾ ಕೋರ್‌ಗೂ ಒಂದೇ ಇದ್ರೆ ಇನ್‌ಲೆಟ್ ಮೇಲೆ ಒಂದೇ ಡಿಸೈನ್ ಸೀರೆ ಸೆರಗಲ್ಲಿ ಕಾಣೋ ಹಂಗೆ ರಿಪೀಟ್, ಬೇರೆ ಬೇರೆ ಇದ್ದೂ ಅಂಚಲ್ಲಿ ಮಾಹಿತಿ ಹಂಚ್ಕೊಳ್ಲಿಲ್ಲ ಅಂದ್ರೆ ಕೋರ್ ಗಡಿಲಿ ನೇರ ಗೆರೆ. ಒಂದೇ ಕೋರ್‌ನಲ್ಲಿ ಓಡಿಸಿ ಹೋಲಿಸಿದ್ರೆ ಐದು ನಿಮಿಷದ ಕೆಲ್ಸ.

ಸಿಗ್ಮಾ ಸರಿ, ಸರಾಸರಿ ವೇಗ ಮಾತ್ರ ಬದಲಾಗ್ತಾ ಐತೆ

ನೆಲ ನೋಡ್ರಿ. ಇನ್‌ಲೆಟ್‌ಗೆ 0.05 ಮೀಟರ್ ಒರಟುತನ, ನೆಲದ ವಾಲ್ ಫಂಕ್ಷನ್‌ಗೆ (ನೆಲದ ಎಳೆತದ ಸೂತ್ರ) ನುಣುಪು ಗೋಡೆ, ಅಥವಾ 0.5 ಮೀಟರ್ ಕಾಡಿನ ಲೆಕ್ಕ. ನೆಲದಿಂದ ಒಂದು ಹೊಸ ಪದರ ಕೊಬ್ಬಿ ಮೇಲೇರ್ತಾ ಹೋಗ್ತೈತೆ, ಪ್ರೋಬ್ ಸಾಲುಗಳಲ್ಲಿ ಬಗ್ಗಿದ ಬಿಂದು ಒಂದೊಂದು ಸಾಲಿಗೂ ಮೇಲಕ್ಕೆ ಹೋಗೋದೇ ಗುರುತು. ಎರಡು ಕಡೆನೂ ಒಂದೇ ಸಂಖ್ಯೆ ಹಾಕಿದ್ರೆ ಮುಗೀತು.

ದೋಷಾನೇ ಇಲ್ದೆ ಇರಬಹುದು

ಇದನ್ನ ಮೊದ್ಲೇ ಹೇಳ್ಬೇಕಿತ್ತೇನೋ, ಆದ್ರೆ ಮೊದ್ಲು ಹೇಳಿದ್ರೆ ಎಲ್ಲರೂ ಇದೇ ನೆಪ ಹೇಳ್ತಾರೆ. 9.2 ಮೀಟರ್ ಗಾಳಿ, 140 ಮೀಟರ್ ಸುಳಿ ಅಂದ್ರೆ ಒಂದು ಸುಳಿ ದಾಟೋಕೆ ಸುಮಾರು 15 ಸೆಕೆಂಡ್. ಹತ್ತು ನಿಮಿಷ ಸರಾಸರಿ ತಗೊಂಡ್ರೆ, ಸರಾಸರಿಲಿ ಇರೋ ಅನಿಶ್ಚಿತತೆ ಸಿಗ್ಮಾ ಗುಣಿಸು (30/600)ರ ವರ್ಗಮೂಲ (30 ಅನ್ನೋದು 15ರ ಎರಡು ಪಟ್ಟು), ಅಂದ್ರೆ 0.27 ಮೀಟರ್ ಪ್ರತಿ ಸೆಕೆಂಡ್. ಸಿಗ್ಮಾದಲ್ಲೇ ಸುಮಾರು 11% ಆಚೆ ಈಚೆ. ಅಂದ್ರೆ 13% ಬದಲು ಒಂದು ಪ್ರೋಬ್‌ನಲ್ಲಿ 11.5%, ಇನ್ನೊಂದ್ರಲ್ಲಿ 14.5% ಬಂದ್ರೆ ಅದನ್ನ ದೋಷ ಅನ್ನೋಕಾಗಲ್ಲ. ಒಂದು ಗಂಟೆ ಓಡಿಸಿದ್ರೆ ಸರಾಸರಿ ವೇಗದ ಅನಿಶ್ಚಿತತೆ 0.11ಕ್ಕೆ ಬರ್ತೈತೆ. ಅಷ್ಟು ಓಡ್ಸೋಕೆ ಕಂಪ್ಯೂಟರ್ ಇಲ್ಲ ಅಂದ್ರೆ, ಖಾಲಿ ಡಬ್ಬಿಲಿ ಅಡ್ಡಕ್ಕೆ ಎಲ್ಲಾ ಜಾಗಾನೂ ಒಂದೇ, ಸುಳಿ ಅಗಲಕ್ಕಿಂತ ದೂರ ದೂರ ಪ್ರೋಬ್ ಇಟ್ಟು ಸರಾಸರಿ ಮಾಡ್ಕೊಳ್ರಿ. ಗುಡ್ಡ ಇದ್ದಾಗ ಈ ಸೌಲಭ್ಯ ಇಲ್ಲ, ಅದಕ್ಕೇ ಖಾಲಿ ಡಬ್ಬಿ ಅಂದಿದ್ದು.

ಡೇಟಾ ಕಡೆ ತಪ್ಪು

ಗುಡ್ಡದ ಮೇಲಿನ ಮಾಸ್ಟ್ (ಗಾಳಿ ಅಳೆಯೋ ಕಂಬ) ಡೇಟಾ ಅಂತ ಸಿಗೋದು ಸಾಮಾನ್ಯವಾಗಿ ಕಪ್ ಎನಿಮೋಮೀಟರ್‌ನ ಹತ್ತು ನಿಮಿಷದ ಸರಾಸರಿ ಮತ್ತು ಸಿಗ್ಮಾ. ಅದ್ರಿಂದ ಇಂಟೆನ್ಸಿಟಿ ಸಿಗ್ತೈತೆ, ಲೆಂಗ್ತ್ ಸ್ಕೇಲ್ ಸಿಗಲ್ಲ, ಡಬ್ಲ್ಯೂ ಸಿಗ್ಮಾ ಸಿಗಲ್ಲ, ಶಿಯರ್ ಸ್ಟ್ರೆಸ್ ಸಿಗಲ್ಲ, ಅದಕ್ಕೆ ಸೋನಿಕ್ ಎನಿಮೋಮೀಟರ್‌ನ ಕಚ್ಚಾ ಸಿಗ್ನಲ್ ಬೇಕು. ಮತ್ತೆ ಗುಡ್ಡದ ನೆತ್ತಿ ಮೇಲೆ ಅಳೆದ ಇಂಟೆನ್ಸಿಟಿನ ತಗೊಂಡು ಬಯಲಲ್ಲಿರೋ ಇನ್‌ಲೆಟ್‌ಗೆ ಹಾಕೋದು ಬೇಡ, ನೆತ್ತಿ ಮೇಲೆ ಗಾಳಿ ವೇಗ ಜಾಸ್ತಿ ಆಗಿರೋದ್ರಿಂದ ಇಂಟೆನ್ಸಿಟಿ ಸಂಖ್ಯೆ ಕಮ್ಮಿ ಕಾಣ್ತೈತೆ, ಅದನ್ನ ಬಯಲಿಗೆ ಹಾಕಿದ್ರೆ ಗುಡ್ಡ ಅದನ್ನ ಇನ್ನೊಂದು ಸಲ ಇಳಿಸ್ತೈತೆ.

ಮೇಲಿನ 2.4, 1.9, 1.25 ಅನ್ನೋ ಲೆಕ್ಕ ನ್ಯೂಟ್ರಲ್ ಗಾಳಿಗೆ ಮಾತ್ರ. ಮುಂಗಾರಿನ ಮೋಡ ಕವಿದ ಜೋರು ಗಾಳಿಗೆ ಒಪ್ಪತೈತೆ. ಮಾರ್ಚ್ ಮಧ್ಯಾಹ್ನ ಚಳ್ಳಕೆರೆ ಬಯಲು ಕಾದ ಹೆಂಚಾಗಿದ್ದಾಗ ಗಾಳಿ ಕೆಳಗಿಂದ ಕುದ್ದು ಏಳ್ತಿರ್ತೈತೆ, ಚಳಿಗಾಲದ ರಾತ್ರಿ ನೆಲ ತಣ್ಣಗಾಗಿ ಗಾಳಿ ಪದರ ಪದರವಾಗಿ ಮಲಗಿರ್ತೈತೆ, ಆ ಎರಡಕ್ಕೂ ಈ ಸಂಖ್ಯೆ ಹಾಕಿ, ಅಳತೆ ಜೊತೆ ಹೊಂದ್ಲಿಲ್ಲ ಅಂತ ಇನ್‌ಲೆಟ್ ಕೋಡ್‌ನ ಬಯ್ಯೋದು ನ್ಯಾಯ ಅಲ್ಲ. ಅಂಥ ಕೇಸ್‌ಗೆ ಸಿಂಥೆಟಿಕ್ ಬಿಟ್ಟು, ಶಾಖ ಸಮೇತ ಪೀರಿಯಾಡಿಕ್ ಪ್ರಿಕರ್ಸರ್ (ಇನ್‌ಲೆಟ್ ಗಾಳಿ ತಯಾರಿಸೋಕೇ ಮೊದ್ಲು ಓಡಿಸೋ ಸಿಮ್ಯುಲೇಶನ್) ಓಡಿಸೋದೇ ಮೇಲು, ದುಬಾರಿ ಆದ್ರೂ.

ಗುಡ್ಡ ವಾಪಸ್ ಇಡೋವಾಗ

ಖಾಲಿ ಡಬ್ಬಿ ಪಾಸಾದ ಮೇಲೆ ಗುಡ್ಡ ಇಟ್ರೆ ಮತ್ತೆ ಕೆಡೋದು ಹೆಚ್ಚಾಗಿ ಒಂದೇ ಕಾರಣಕ್ಕೆ, ಇನ್‌ಲೆಟ್ ಪ್ಲೇನ್ ಏರುಪೇರು ನೆಲನ ಕತ್ತರಿಸ್ಕೊಂಡು ನಿಂತಿರ್ತೈತೆ. ಚಿತ್ರದುರ್ಗದ ಸುತ್ತ ಒಂದೇ ಗುಡ್ಡ ಅಂತ ಇಲ್ಲ, ಸಾಲು ಸಾಲು, ಮಧ್ಯೆ ಬಂಡೆ. ಲಾಗ್ ಪ್ರೊಫೈಲ್ ಸಪಾಟು ನೆಲದ ಮಾತು, ಅದನ್ನ ಇಳಿಜಾರಿನ ಮೇಲೆ ನಿಲ್ಲಿಸಿದ್ರೆ ಮೊದ್ಲ ನೂರು ಮೀಟರ್‌ನಲ್ಲೇ ಗಾಳಿ ಬೇರೆ ಆಕಾರಕ್ಕೆ ತಿರುಗ್ತೈತೆ. ಇನ್‌ಲೆಟ್ ಮುಂದೆ ಸಪಾಟು ಪಟ್ಟಿ ಬಿಟ್ಟು, ಅಲ್ಲಿಂದ ನಿಜವಾದ ನೆಲಕ್ಕೆ ಮೆಲ್ಲಗೆ ಏರೋ ರ್ಯಾಂಪ್ ಕೊಡ್ರಿ. ಪಟ್ಟಿ ಉದ್ದ ಎಷ್ಟು ಅಂತ ಊಹೆ ಮಾಡಬೇಡ್ರಿ, ಖಾಲಿ ಡಬ್ಬಿಲಿ ಶಿಯರ್ ಸ್ಟ್ರೆಸ್ ಗೆರೆ ಎಷ್ಟು ದೂರಕ್ಕೆ ನೆಟ್ಟಗಾಯ್ತೋ ಆ ಸಂಖ್ಯೆ ನಿಮ್ಮ ಹತ್ರ ಈಗಾಗ್ಲೇ ಐತೆ, ಅಷ್ಟೇ ಬಿಡ್ರಿ. ಡೊಮೈನ್ ಉದ್ದ ಸಾಕಾಗ್ಲಿಲ್ಲ ಅಂದ್ರೆ ಔಟ್‌ಲೆಟ್ ಕಡೆ ಕತ್ತರಿಸ್ರಿ, ಇನ್‌ಲೆಟ್ ಕಡೆ ಬೇಡ.